ಸ್ಕ್ವೇರ್ ಪೈಪ್ ಬಾಗಿಸುವಾಗ ಆ 32 ಮಿಲಿಮೀಟರ್ ಎಲ್ಲಿಗೆ ಹೋಗಬೇಕು?

ಪ್ರಶ್ನೆ: ಮನೆ ಗೇಟಿನ ಮೇಲೆ ಬಳ್ಳಿ ಹಬ್ಬಿಸಲು ಒಂದು ಕಮಾನು ಮಾಡಬೇಕೆಂದಿದ್ದೇನೆ. ಆರು ಅಡಿ ಅಗಲ, ನಡುವಲ್ಲಿ ಒಂದು ಅಡಿ ಎತ್ತರ. ಒಂದು ಇಂಚಿನ 16 ಗೇಜ್ (ಗೋಡೆ 1.6 ಮಿ.ಮೀ. ದಪ್ಪ) ಸ್ಕ್ವೇರ್ ಪೈಪ್ ತಂದೆ. ಪರಿಚಯದ ಪ್ಲಂಬರ್ ಹತ್ತಿರ ಹೈಡ್ರಾಲಿಕ್ ಬೆಂಡರ್ ಇತ್ತು, ಅದರಲ್ಲಿ ಒತ್ತಿದರೆ ಒಳಬದಿ ಗುಳಿ ಬಿತ್ತು, ಎರಡೂ ಬದಿ ಉಬ್ಬಿತು. ಫೋಟೋ ಕಳಿಸಿದ್ದೇನೆ. ಮನೆಯಲ್ಲೇ ಮಾಡುವ ದಾರಿ ಉಂಟಾ?
— ಓದುಗರು, ಕಟಪಾಡಿ

ಉತ್ತರ: ಉಂಟು. ಆದರೆ ಆ ಬೆಂಡರನ್ನು ಮೊದಲು ವಾಪಸ್ ಕೊಟ್ಟುಬಿಡಿ. ಅದು ಗುಂಡು ಪೈಪಿಗೆ ಮಾಡಿದ್ದು. ಅದರ ಅಚ್ಚಿನಲ್ಲಿ ಇರುವುದು ಗುಂಡನೆಯ ತೋಡು. ಚೌಕ ಪೈಪ್ ಅದರಲ್ಲಿ ಎರಡು ಮೂಲೆಗಳ ಮೇಲೆ ಮಾತ್ರ ಕೂರುತ್ತದೆ. ಒಳಬದಿಯ ಚಪ್ಪಟೆ ಗೋಡೆಗೆ ಆಸರೆಯೇ ಇಲ್ಲ. ಫೋಟೋದಲ್ಲಿ ಕಾಣುವ ಗುಳಿ ಅದರಿಂದಲೇ ಬಂದದ್ದು.

ನಿಮ್ಮ ಕಮಾನಿನ ಲೆಕ್ಕ ಹಾಕಿ ನೋಡಿದೆ. ಆರು ಅಡಿ ಅಗಲಕ್ಕೆ ಒಂದು ಅಡಿ ಎತ್ತರ ಅಂದರೆ ಸರಿಯಾಗಿ ಐದು ಅಡಿ ತ್ರಿಜ್ಯದ ವೃತ್ತದ ತುಂಡು. ಹೊರ ಅಂಚಿನ ಉದ್ದ ಸುಮಾರು ಆರು ಅಡಿ ಐದು ಇಂಚು. ಒಳ ಅಂಚು ಅದಕ್ಕಿಂತ ಸುಮಾರು 32 ಮಿ.ಮೀ. ಗಿಡ್ಡ. ಪೈಪ್ ನೆಟ್ಟಗಿರುವಾಗ ಎರಡೂ ಬದಿ ಒಂದೇ ಉದ್ದ ಅಲ್ವಾ? ಹಾಗಾದರೆ ಬಾಗಿಸಿದಾಗ ಆ 32 ಮಿ.ಮೀ. ಎಲ್ಲಿಗಾದರೂ ಹೋಗಲೇಬೇಕು. ನೀವು ದಾರಿ ಕೊಡದಿದ್ದರೆ ಅದೇ ದಾರಿ ಮಾಡಿಕೊಂಡು ಒಳಗೆ ಮಡಚಿಕೊಳ್ಳುತ್ತದೆ. ಚೌಕ ಪೈಪಿಗೆಂದೇ ಬರುವ ಅಚ್ಚುಗಳಲ್ಲಿ ನಡುವೆ ಒಂದು ಏಣು ಇರುತ್ತದೆ. ಅದು ಒಳಗೋಡೆಯನ್ನು ಬೇಕೆಂದೇ ಸಮನಾಗಿ ಒಳಗೆ ತಳ್ಳುತ್ತದೆ. ಹಾಗೆ ಮಾಡಿದ ಬಾಗಿನಲ್ಲಿ ಗುಳಿ ಇದ್ದರೂ ಉದ್ದಕ್ಕೆ ಒಂದೇ ಥರ ಇರುವುದರಿಂದ ಕಣ್ಣಿಗೆ ಕೆಟ್ಟದಾಗಿ ಕಾಣುವುದಿಲ್ಲ.

ನಿಮಗೆ ಒಳ್ಳೆಯ ದಾರಿ ರೋಲಿಂಗ್. ಮೂರು ರೋಲರುಗಳ ನಡುವೆ ಪೈಪನ್ನು ಹಿಂದೆ ಮುಂದೆ ಓಡಿಸುತ್ತಾ, ಪ್ರತಿ ಸಲ ನಡುವಿನ ರೋಲರನ್ನು ಸ್ವಲ್ಪ ಸ್ವಲ್ಪವೇ ಒತ್ತುವುದು. ಆಗ ಒಳಬದಿ ಒಂದಿಷ್ಟು ಕುಗ್ಗುತ್ತದೆ, ಹೊರಬದಿ ಒಂದಿಷ್ಟು ಹಿಗ್ಗುತ್ತದೆ. ಹೆಚ್ಚುಕಡಿಮೆ 16 ಮಿ.ಮೀ. ಇಲ್ಲಿ, 16 ಅಲ್ಲಿ. ಆರೂವರೆ ಅಡಿಯಲ್ಲಿ ಹಂಚಿದರೆ ಶೇಕಡಾ ಒಂದೂ ಆಗುವುದಿಲ್ಲ, ಉಕ್ಕು ಅದನ್ನು ಸುಲಭವಾಗಿ ತಾಳುತ್ತದೆ. ಬೈಕಂಪಾಡಿ, ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶಗಳ ಕಡೆ ವಿಚಾರಿಸಿ, ಸೆಕ್ಷನ್ ರೋಲಿಂಗ್ ಮಾಡುತ್ತೀರಾ ಅಂತ ಕೇಳಿ. ಒಂದು ಮಾತು ನೆನಪಿರಲಿ: ಪೈಪಿನ ಎರಡೂ ತುದಿ ರೋಲರುಗಳ ನಡುವೆ ನೆಟ್ಟಗೇ ಉಳಿಯುತ್ತದೆ. ಎರಡೂ ಕಡೆ ಒಂದೊಂದು ಅಡಿ ಜಾಸ್ತಿ ಬಿಟ್ಟು ಕೊಡಿ, ಆಮೇಲೆ ಕತ್ತರಿಸಿ.

ಬೇರಿಂಗ್, ದಪ್ಪ ಆಂಗಲ್, ಒಂದು ಬಾಟ್ಲಿ ಜ್ಯಾಕ್ ಇದ್ದರೆ ಇಂಥ ರೋಲರನ್ನು ಮನೆಯಲ್ಲೂ ಕಟ್ಟಬಹುದು. ಐದಾರು ಕಮಾನು ಮಾಡುವವರಿಗೆ ಅದು ಸರಿ. ಒಂದೇ ಕಮಾನಿಗೆ ಸುಮ್ನೆ ಯಾಕೆ?

ಮನೆಯಲ್ಲೇ ಆಗಬೇಕು, ಗ್ರೈಂಡರ್ ಮತ್ತು ವೆಲ್ಡಿಂಗ್ ಮೆಷಿನ್ ಮಾತ್ರ ಇದೆ ಅಂದರೆ ಸೀಳು ಹಾಕಿ ಬಾಗಿಸಿ. ಆ 32 ಮಿ.ಮೀ. ಅನ್ನು ಮಡಚಲು ಬಿಡದೆ ಕಟಿಂಗ್ ವೀಲಿನಲ್ಲೇ ತೆಗೆದುಬಿಡುವುದು. ಮೊದಲು ವೇಸ್ಟ್ ತುಂಡಿನಲ್ಲಿ ಒಂದು ಸೀಳು ಹಾಕಿ ಅಳೆಯಿರಿ. ವೀಲ್ ಒಂದು ಮಿ.ಮೀ. ದಪ್ಪ ಇದ್ದರೂ ಕೈ ಅಲುಗಾಟಕ್ಕೆ ಸೀಳು ಒಂದೂವರೆ ಆಗಿರುತ್ತದೆ. ಹಾಗಿದ್ದರೆ 21 ಸೀಳು ಸಾಕು, ಸುಮಾರು 93 ಮಿ.ಮೀ.ಗೆ ಒಂದರಂತೆ. ಒಳಗೋಡೆ ಮತ್ತು ಎರಡು ಪಕ್ಕದ ಗೋಡೆ ಕತ್ತರಿಸಬೇಕು, ಹೊರಗೋಡೆ ಮುಟ್ಟಬಾರದು. ಕತ್ತರಿಸಿದ ತುದಿಯಲ್ಲಿ ಪೈಪಿನೊಳಗೆ ಬೆರಳು ಆಡಿಸಿದರೆ ಒಂದು ಗೋಡೆಯಲ್ಲಿ ಉಬ್ಬು ಗೆರೆ ಸಿಗುತ್ತದೆ. ಅದು ಪೈಪ್ ತಯಾರಿಸುವಾಗಿನ ವೆಲ್ಡ್. ಆ ಗೋಡೆ ಕಮಾನಿನ ಹೊರಬದಿಗೆ ಬಾರದ ಹಾಗೆ ನೋಡಿಕೊಳ್ಳಿ.

ಸೀಳು ಹಾಕುವಾಗ ಪೈಪನ್ನು ಎರಡು ತುದಿಯಲ್ಲಿ ಮಾತ್ರ ಸ್ಟೂಲಿನ ಮೇಲೆ ಇಡಬೇಡಿ. ನಡು ಜಗ್ಗಿದ ಕೂಡಲೇ ಸೀಳು ಮುಚ್ಚಿಕೊಂಡು ವೀಲನ್ನು ಕಚ್ಚುತ್ತದೆ, ಗ್ರೈಂಡರ್ ಕೈಯಿಂದ ಎಗರುತ್ತದೆ. ಕತ್ತರಿಸುವ ಜಾಗದ ಅಡಿಗೇ ಆಸರೆ ಇರಲಿ. ಗಾರ್ಡ್ ತೆಗೆಯುವ ಚಾಳಿ ನಮ್ಮಲ್ಲಿ ತುಂಬಾ. ದಯವಿಟ್ಟು ತೆಗೆಯಬೇಡಿ, ಕನ್ನಡಕ ಹಾಕದೆ ಶುರು ಮಾಡಬೇಡಿ.

ಆಮೇಲೆ ಸಿಮೆಂಟ್ ಅಂಗಳದಲ್ಲಿ ಮೊಳೆ, ಐದು ಅಡಿ ದಾರ, ಸೀಮೆಸುಣ್ಣ ಹಿಡಿದು ಪೂರ್ತಿ ಅಳತೆಯ ಗೆರೆ ಎಳೆಯಿರಿ. ಪೈಪನ್ನು ಅದರ ಮೇಲಿಟ್ಟು ನಿಧಾನ ಒತ್ತಿ. ಎಲ್ಲ ಸೀಳು ಒಟ್ಟಿಗೆ ಮುಚ್ಚುವುದಿಲ್ಲ. ಸ್ವಲ್ಪ ಆಳ ಜಾಸ್ತಿ ಹೋದದ್ದು ಮೊದಲು ಮುಚ್ಚಿ ನಿಲ್ಲುತ್ತದೆ, ಆಮೇಲೆ ಪಕ್ಕದ್ದು. ಯಾವುದು ತೆರೆದೇ ಉಳಿಯಿತೋ ಅದನ್ನು ಕೈಯಲ್ಲಿ ಹಿಡಿದು ಮುಚ್ಚಿಸಿ. ಹೊರ ಅಂಚು ಗೆರೆಗೆ ಕೂತ ಮೇಲೆ ಎಲ್ಲ ಸೀಳಿಗೂ ಮೊದಲು ಟ್ಯಾಕ್, ಅಂದರೆ ಚುಕ್ಕೆಯಷ್ಟು ವೆಲ್ಡ್, ಮಾತ್ರ ಹಾಕಿ. ಎರಡು ತುದಿಗೂ ಸೇರಿಸಿ ಒಂದು ನೆಟ್ಟಗಿನ ಪಟ್ಟಿಯನ್ನು ತಾತ್ಕಾಲಿಕವಾಗಿ ವೆಲ್ಡ್ ಮಾಡಿ. ಇದನ್ನು ಬಿಡಲೇಬೇಡಿ ಮಾರಾಯ್ರೆ. ವೆಲ್ಡ್ ತಣಿಯುವಾಗ ಕುಗ್ಗುತ್ತದೆ. 21 ವೆಲ್ಡೂ ಒಳಬದಿಯಲ್ಲೇ ಇರುವುದರಿಂದ ಕಮಾನು ಇನ್ನಷ್ಟು ಬಾಗಿ, ಗೇಟಿನ ಕಂಬಕ್ಕೆ ಅಳತೆ ತಪ್ಪುತ್ತದೆ. 1.6 ಮಿ.ಮೀ. ಗೋಡೆಗೆ 2 ಮಿ.ಮೀ. ರಾಡ್, ಕರೆಂಟ್ 50 ಆಂಪಿಯರ್ ಆಸುಪಾಸು. ಒಂದು ಎಡಕ್ಕೆ, ಒಂದು ಬಲಕ್ಕೆ, ಹೀಗೆ ಬಿಟ್ಟು ಬಿಟ್ಟು ತುಂಬಿಸಿ.

ಕೆಲಸ ಚೆಂದ ಆಗುತ್ತದೆ. ಆದರೂ ಹೊರಾಂಗಣದ ಕಮಾನಿಗೆ ನನ್ನ ಮತ ರೋಲಿಂಗಿಗೇ. ಕಡಲ ಗಾಳಿಯ ಊರಲ್ಲಿ 21 ಜಾಯಿಂಟ್ ಅಂದರೆ ತುಕ್ಕಿಗೆ 21 ಬಾಗಿಲು.

ಪ್ರಶ್ನೆ: ಪೈಪಿಗೆ ಮರಳು ತುಂಬಿಸಿ, ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ಬಾಗಿಸಿದರೆ ಗುಳಿ ಬೀಳುವುದಿಲ್ಲ ಅನ್ನುತ್ತಾರೆ. ನನ್ನ ಹತ್ತಿರ ಇರುವುದು ಜಿಐ ಸ್ಕ್ವೇರ್ ಪೈಪ್. ಮಾಡಬಹುದಾ?
— ಓದುಗರು, ಮೂಲ್ಕಿ

ಉತ್ತರ: ಜಿಐ ಅಂದರೆ ಸತು ಲೇಪಿಸಿದ ಪೈಪ್, ಅದನ್ನು ಕೆಂಪಗೆ ಕಾಯಿಸಲೇಬೇಡಿ. ಸತುವಿನ ಲೇಪ 419 ಡಿಗ್ರಿಗೆ ಕರಗುತ್ತದೆ. ಇನ್ನೂ ಕಾದರೆ ಬಿಳಿ ಹೊಗೆ ಏಳುತ್ತದೆ. ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ಮೇಲೆ ಚಳಿಜ್ವರ, ಮೈಕೈ ನೋವು ಬರುತ್ತದೆ. ಫ್ಲೂ ಅಂದುಕೊಂಡು ಮಾತ್ರೆ ನುಂಗಿ ಮಲಗಿದ ವೆಲ್ಡರುಗಳನ್ನು ನಾನು ಕಂಡಿದ್ದೇನೆ. ಜಿಐಗೆ ವೆಲ್ಡ್ ಮಾಡುವಾಗಲೂ ಆ ಜಾಗದ ಲೇಪವನ್ನು ಉಜ್ಜಿ ತೆಗೆದು, ಬಯಲಲ್ಲಿ, ಗಾಳಿಗೆ ಬೆನ್ನು ಕೊಡದೆ ಅಡ್ಡಲಾಗಿ ನಿಂತು ಮಾಡಿ.

ಎಂಎಸ್ (ಲೇಪವಿಲ್ಲದ ಸಾದಾ ಉಕ್ಕಿನ) ಪೈಪಾದರೆ ಮರಳು ಉಪಯೋಗಕ್ಕೆ ಬರುತ್ತದೆ, ಅದೂ ದಪ್ಪ ಗೋಡೆಯದಕ್ಕೆ. ಹೊಳೆ ಮರಳನ್ನು ಬಾಣಲೆಯಲ್ಲಿ ಚೆನ್ನಾಗಿ ಹುರಿದು ಒಣಗಿಸಿ. ಹಸಿ ಮರಳು ಕಾದರೆ ಆವಿಯಾಗಿ ತುದಿಯ ಬಿರಡೆ ಸಿಡಿಯುತ್ತದೆ, ಎದುರಿಗಿದ್ದವರ ಮುಖಕ್ಕೇ ಬರಬಹುದು. ಮನೆ ಹತ್ತಿರ ಕಡಲು ಇದೆಯೆಂದು ಅಲ್ಲಿಯ ಮರಳು ತರಬೇಡಿ, ಉಪ್ಪು ಪೈಪಿನೊಳಗೇ ಉಳಿಯುತ್ತದೆ. ಸುತ್ತಿಗೆಯಲ್ಲಿ ಪೈಪನ್ನು ತಟ್ಟುತ್ತಾ ತುಂಬಿಸಿ. ಟೊಳ್ಳು ಸದ್ದು ಹೋಗಿ ಗಟ್ಟಿ ಸದ್ದು ಬಂದರೆ ತುಂಬಿತು ಅಂತ ಅರ್ಥ. ಇಷ್ಟು ಮಾಡಿದರೂ ಮರಳು ಗೋಡೆ ಒಳಗೆ ಬೀಳುವುದನ್ನು ತಡೆಯುತ್ತದೆ, ಉಬ್ಬುವುದನ್ನು ಪೂರ್ತಿ ತಡೆಯುವುದಿಲ್ಲ.

ಪ್ರಶ್ನೆ: ಸೀಳು ಹಾಕಿ ಮಾಡಿದ ಕಮಾನು ಒಂದೇ ಮಳೆಗಾಲಕ್ಕೆ ಜಾಯಿಂಟುಗಳಲ್ಲಿ ತುಕ್ಕು ಬಿಡುತ್ತಿದೆ. ಪೇಂಟ್ ಎರಡು ಕೋಟ್ ಹೊಡೆದಿದ್ದೆ.
— ಓದುಗರು, ಉಳ್ಳಾಲ

ಉತ್ತರ: ತುಕ್ಕು ಒಳಗಿನಿಂದ ಬರುತ್ತಿದೆ. ಗ್ರೈಂಡ್ ಮಾಡುವಾಗ ವೆಲ್ಡ್ ತೆಳುವಾಗಿ ಸೂಜಿಮೊನೆಯಂಥ ತೂತುಗಳು ಉಳಿದಿರುತ್ತವೆ. ಕಮಾನಿನ ಎರಡೂ ಕೆಳತುದಿಯಲ್ಲಿ 6 ಮಿ.ಮೀ. ತೂತು ಕೊರೆದು ಒಳಗಿನ ನೀರು ಇಳಿಯಲು ಬಿಡಿ. ಚೆನ್ನಾಗಿ ಬಿಸಿಲು ಕಾದ ಮೇಲೆ ತುಕ್ಕಿನ ಜಾಗಗಳನ್ನು ಬಿಳಿ ಲೋಹ ಕಾಣುವವರೆಗೆ ಉಜ್ಜಿ, ತೂತು ಕಂಡಲ್ಲಿ ಮತ್ತೆ ವೆಲ್ಡ್ ಇಡಿ. ಅದೇ ದಿನ ಜಿಂಕ್ ಪ್ರೈಮರ್ ಹೊಡೆಯಿರಿ. ಉಳ್ಳಾಲದ ಗಾಳಿಗೆ ಉಜ್ಜಿದ ಕಬ್ಬಿಣ ರಾತ್ರಿ ಕಳೆಯುವಷ್ಟರಲ್ಲಿ ಕೆಂಪಾಗುತ್ತದೆ. ಈ ಕೆಲಸ ಏಪ್ರಿಲ್ ಒಳಗೆ ಮುಗಿಸಿ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಹೊಡೆದ ಪೇಂಟ್ ನಿಲ್ಲುವುದಿಲ್ಲ.