ಇಪ್ಪತ್ತೆಂಟಕ್ಕೆ ಪಿಸ್ತೂಲ್ ಹಿಡಿಯೋದು ತಡವಲ್ಲ

ಇಪ್ಪತ್ತೆಂಟಾಯ್ತು, ಶಿರಸಿಯಲ್ಲಿದ್ದುಕೊಂಡು ಏರ್ ಪಿಸ್ತೂಲ್ (ಗಾಳಿಯ ಒತ್ತಡದಿಂದ ಗುಂಡು ಹಾರಿಸೋ ಪಿಸ್ತೂಲಿನ ಶೂಟಿಂಗ್ ಆಟ) ಶುರು ಮಾಡಿದ್ರೆ ತಡವಾಯ್ತಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರನ್ನೇ ನೋಡಿ. ಕೆನಡಾದ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದು ಮತ್ತೆ ಪಿಸ್ತೂಲ್ ಹಿಡಿದವರು. 2013ರಲ್ಲಿ ಕೊರಿಯಾದ ಚಾಂಗ್ವಾನ್ ವಿಶ್ವಕಪ್‌ನಲ್ಲಿ ಕಂಚು ಗೆದ್ದಾಗ ವಯಸ್ಸು 37! ಅದೇ ವರ್ಷ ಮುಖಕ್ಕೆ ಪಾರ್ಶ್ವವಾಯು ಬಡಿಯಿತು. ಗುರಿಯಿಡೋ ಮನುಷ್ಯನಿಗೆ ಮುಖವೇ ಮಾತು ಕೇಳದಿದ್ದರೆ ಹೇಗಿರುತ್ತೆ, ಯೋಚಿಸಿ. ಆದರೂ 2014ರ ಗ್ಲಾಸ್ಗೊ ಕಾಮನ್‌ವೆಲ್ತ್‌ನಲ್ಲಿ ಬೆಳ್ಳಿ, 2016ಕ್ಕೆ ರಿಯೊ ಒಲಿಂಪಿಕ್ಸ್. ಅಲ್ಲಿ ಪದಕ ಬರಲಿಲ್ಲ, ನನಗದು ಸಣ್ಣ ಮಾತು.

ಹಾಂ, ಅವರ ತಂದೆಯೂ ಶೂಟರ್, ಆ ಬಲ ದೊಡ್ಡದು. ನೀವು ಮೊದಲು ಪಿಸ್ತೂಲಿನಷ್ಟೇ ತೂಗೋ, ಸುಮಾರು ಒಂದು ಕಿಲೋ ಭಾರವನ್ನು ಒಂದೇ ಕೈಯಲ್ಲಿ ಅಲುಗಾಡದೆ ಹಿಡಿಯೋದನ್ನ ಮನೆಯಲ್ಲೇ ರೂಢಿಸಿಕೊಳ್ಳಿ. ಪಿಸ್ತೂಲ್ ಕೊಂಡಮೇಲೆ ನಮ್ಮ ಮಳೆಗಾಲದ ತೇವಕ್ಕೆ ತುಕ್ಕು ಹಿಡಿಯದಂತೆ ದಿನಾ ಒರೆಸಿಡಿ.