ಹೊಸ ಊರಿನಲ್ಲಿ ಚೊಚ್ಚಲ ಹೆರಿಗೆ

ಪ್ರಶ್ನೆ: ಸಾಗರದಿಂದ ಮಂಗಳೂರಿನ ಬಿಜೈಗೆ ಬಂದು ನೆಲೆಸಿದ್ದೇವೆ. ನನಗೀಗ ಏಳು ತಿಂಗಳು, ಜುಲೈನಲ್ಲಿ ಹೆರಿಗೆ. ಪತಿಗೆ ರಾತ್ರಿ ಪಾಳಿ. ಇಲ್ಲಿ ಯಾರ ಪರಿಚಯವೂ ಇಲ್ಲ. ಹೇಗೆ ಸಿದ್ಧಳಾಗಲಿ?

ಉತ್ತರ: ಸಹೋದರಿ, ಸಾಗರದಲ್ಲಿ ಪಡೆದ ತಾಯಿ ಕಾರ್ಡನ್ನು ತೆಗೆದುಕೊಂಡು ಈ ವಾರವೇ ಹತ್ತಿರದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಹೆಸರು ನೋಂದಾಯಿಸಿ, ಅಲ್ಲಿಂದಲೇ ಆಶಾ ಕಾರ್ಯಕರ್ತೆಯ ಮತ್ತು ಅಂಗನವಾಡಿಯ ಪರಿಚಯವಾಗುವುದರಿಂದ, ನಿಮ್ಮ ಬೀದಿಯಲ್ಲಿ ನಿಮ್ಮನ್ನು ಹೆಸರು ಹಿಡಿದು ವಿಚಾರಿಸುವವರು ಸಿಗುತ್ತಾರೆ. ಹೆರಿಗೆಯ ಆಸ್ಪತ್ರೆಯನ್ನು ಈಗಲೇ ನಿಶ್ಚಯಿಸಿ. ಸರಕಾರಿ ಆಸ್ಪತ್ರೆ ಬೇಕೆಂದರೆ ಹಂಪನಕಟ್ಟೆ ಸಮೀಪದ ಲೇಡಿಗೋಶನ್ ಇದೆ.

ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ನೀವು ಒಂಟಿಯಾಗಿ ಕಳೆಯುವ ರಾತ್ರಿಗಳು. ರಕ್ತಸ್ರಾವ, ನೀರು ಒಡೆಯುವುದು, ಮಗುವಿನ ಚಲನೆ ಕುಗ್ಗುವುದು, ಕಣ್ಣು ಮಂಜಾಗಿಸುವ ತೀವ್ರ ತಲೆನೋವು, ಇವುಗಳಲ್ಲಿ ಯಾವುದು ಕಂಡರೂ ಪತಿಯ ದಾರಿ ಕಾಯದೆ 108ಕ್ಕೆ ಕರೆ ಮಾಡಿ. ಈ ಆಂಬುಲೆನ್ಸ್ ಸೇವೆ ಉಚಿತ. ಪಕ್ಕದ ಮನೆಯವರಿಗೆ ವಿಷಯ ತಿಳಿಸಿ, ಅವರ ದೂರವಾಣಿ ಸಂಖ್ಯೆ ಪಡೆದಿಟ್ಟುಕೊಳ್ಳಿ. ಬಸುರಿಯ ಮಾತಿಗೆ ಬಾಗಿಲು ಮುಚ್ಚುವವರು ಈ ಊರಿನಲ್ಲಿ ವಿರಳ ಎಂದು ನಾನು ದೃಢವಾಗಿ ನಂಬಿದ್ದೇನೆ.

ಸಾಧ್ಯವಾದರೆ ತಾಯಿಯವರನ್ನು ಮೇ ಮುಗಿಯುವುದರೊಳಗೆ ಕರೆಸಿಕೊಳ್ಳಿ, ಏಕೆಂದರೆ ಮಳೆ ಬಲವಾದ ಮೇಲೆ ಘಟ್ಟದ ರಸ್ತೆಯನ್ನು ನಂಬಿ ಕೂರುವಂತಿಲ್ಲ.