ಅಂಗಡಿ ಅವರದ್ದಿರಲಿ, ಹೆಸರು ನಿಮ್ಮದಾಗಿರಲಿ

ಓದುಗರ ಪತ್ರ: ಸರ್, ನಾನು ರಾಣೆಬೆನ್ನೂರಿನ ಗೃಹಿಣಿ. ಇನ್‌ಸ್ಟಾಗ್ರಾಂನಲ್ಲಿ ಮಿಕ್ಸರ್, ಕುಕ್ಕರ್, ಗ್ರೈಂಡರ್ ಬಗ್ಗೆ ಕನ್ನಡದಲ್ಲಿ ರಿವ್ಯೂ ಮಾಡಿ ಅಮೆಜಾನ್ ಅಫಿಲಿಯೇಟ್ ಲಿಂಕ್ ಹಾಕ್ತೀನಿ, ಅದನ್ನ ಒತ್ತಿ ಯಾರಾದ್ರೂ ಸಾಮಾನು ತಗೊಂಡ್ರೆ ನಂಗೆ ಕಮಿಷನ್. ತಿಂಗಳಿಗೆ ಮೂರ್ನಾಲ್ಕು ಸಾವಿರ ಬರುತ್ತೆ. ಸ್ವಂತ ಡೊಮೈನ್ ನೇಮ್, ಅಂದ್ರೆ ಇಂಟರ್‌ನೆಟ್‌ನಲ್ಲಿ ನಮ್ಮದೇ ಹೆಸರಿನ ವಿಳಾಸ, ತಗೊಳ್ಳಿ ಅಂತ ಕೆಲವರು ಹೇಳ್ತಾರೆ. ಎಲ್ಲಾ ಫ್ರೀಯಾಗಿ ನಡೀತಿರೋವಾಗ ಒಂದು ಹೆಸರಿಗೆ ವರ್ಷಾವರ್ಷ ಯಾಕೆ ದುಡ್ಡು ಕಟ್ಟಬೇಕು? ನಮ್ಮ ಯಜಮಾನ್ರೂ ದಂಡ ಅಂತಾರೆ. ನೀವೇನಂತೀರಿ? (ಹೆಸರು ಹಾಕಬೇಡಿ)

ಸಂಪಾದಕರ ಉತ್ತರ:

ತಂಗಿ, ನಿಮ್ಮ ಪತ್ರ ಓದಿ ಖುಷಿನೂ ಆಯ್ತು, ಸ್ವಲ್ಪ ಬೇಜಾರೂ ಆಯ್ತು. ಖುಷಿ ಯಾಕಂದ್ರೆ, ಇಡ್ಲಿ ಹಿಟ್ಟು ನುಣ್ಣಗೆ ಬರುತ್ತಾ, ಶೇಂಗಾ ಚಟ್ನಿಪುಡಿ ಹಾಕಿದ್ರೆ ಜಾರ್ ಬಿಸಿಯಾಗುತ್ತಾ ಅಂತ ನಮ್ಮ ಭಾಷೇಲಿ ಹೇಳೋರು ಬೇಕಾಗಿತ್ತು, ನೀವು ಹೇಳ್ತಿದೀರಿ, ಜನ ನಂಬಿ ತಗೊಳ್ತಿದಾರೆ. ಬೇಜಾರು ಯಾಕಂದ್ರೆ, ಇಷ್ಟು ನಂಬಿಕೆ ಗಳಿಸಿಕೊಂಡೋರು ಆ ನಂಬಿಕೆ ಇಡೋಕೆ ಸ್ವಂತದ್ದೊಂದು ಜಾಗ ಬೇಡ ಅಂತಿದೀರಲ್ಲ ಅಂತ.

ನಿಮ್ಮ ಯಜಮಾನ್ರ ಮಾತಲ್ಲೂ ಒಂಚೂರು ನ್ಯಾಯ ಇದೆ, ಇಲ್ಲ ಅನ್ನಲ್ಲ. ಡೊಮೈನ್ ತಗೊಂಡ ತಕ್ಷಣ ಜನ ಬಂದುಬಿಡಲ್ಲ, ಜನ ಇರೋದು ಇನ್‌ಸ್ಟಾಗ್ರಾಂನಲ್ಲೇ, ಒಂದು ದೀಪಾವಳಿ ಸೇಲ್‌ಗೆ ಮಾತ್ರ ಈ ಕೆಲ್ಸ ಮಾಡಿ ಬಿಟ್ಟುಬಿಡೋರಿಗೆ ಇದು ಬೇಡವೇ ಬೇಡ. ಸರಿ. ಆದ್ರೆ ನೀವು ಹಂಗೆ ಬಿಟ್ಟುಬಿಡೋರಲ್ಲ ಅಂತ ನಿಮ್ಮ ಪತ್ರವೇ ಹೇಳುತ್ತೆ.

ಒಂದ್ಸಲ ಕೂತು ಲೆಕ್ಕ ಹಾಕಿ, ಈ ದಂಧೇಲಿ ನಿಮ್ಮದು ಅಂತ ಏನಿದೆ? ಸಾಮಾನು ಇನ್ಯಾರದ್ದೋ, ರೇಟು ಅವರದ್ದು, ಡೆಲಿವರಿ ಅವರದ್ದು, ಕಮಿಷನ್ ಎಷ್ಟು ಕೊಡಬೇಕು ಅಂತ ತೀರ್ಮಾನ ಮಾಡೋರೂ ಅವರೇ, ವಿಡಿಯೋ ಯಾರಿಗೆ ಕಾಣಿಸಬೇಕು ಅನ್ನೋದು ಇನ್‌ಸ್ಟಾಗ್ರಾಂ ಕೈಲಿ. ಹಿಂದೆ ನಮ್ಮೂರುಗಳಲ್ಲಿ ಗೇಣಿ ಸಾಗುವಳಿ ಮಾಡ್ತಿದ್ದೋರ ಸ್ಥಿತಿ ಹೀಗೇ ಇತ್ತು, ಬೆಳೆ ಎಷ್ಟೇ ಚೆನ್ನಾಗಿ ತೆಗೀಲಿ, ಒಡೆಯ ಬಿಡು ಅಂದ ದಿನ ಬಿಡಬೇಕು. 2020ರ ಜೂನ್ 29ಕ್ಕೆ ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್ ಬ್ಯಾನ್ ಮಾಡ್ತಲ್ಲ, ಅವತ್ತು ಎಷ್ಟು ಕನ್ನಡದ ಹುಡುಗ ಹುಡುಗೀರು ಕಷ್ಟಪಟ್ಟು ಕಟ್ಟಿದ್ದ ಫಾಲೋವರ್ಸನ್ನ ಒಂದೇ ಏಟಿಗೆ ಕಳ್ಕೊಂಡ್ರು ನೆನಪಿದೆಯಾ? ಬ್ಯಾನ್ ಸರಿಯೋ ತಪ್ಪೋ ಬೇರೆ ಮಾತು. ಆ ಲಕ್ಷಾಂತರ ಜನಕ್ಕೆ "ಇನ್ಮೇಲೆ ಇಲ್ಲಿಗೆ ಬನ್ನಿ" ಅಂತ ಹೇಳೋಕೆ ಒಂದು ವಿಳಾಸ ಇರ್ಲಿಲ್ಲ, ನಂಗೆ ಸಂಕಟ ಆಗಿದ್ದು ಅದಕ್ಕೆ.

ಅಮೆಜಾನ್ ವಿಷಯಕ್ಕೇ ಬನ್ನಿ. ಅವರ ಈ ಅಫಿಲಿಯೇಟ್ ಪ್ರೋಗ್ರಾಂ 1996ರಲ್ಲೇ ಶುರುವಾದದ್ದು, ನಂಬಿಕಸ್ಥರೇ. ಆದ್ರೂ 2020ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಫರ್ನಿಚರ್ ಮೇಲಿನ ಕಮಿಷನ್ 8 ಪರ್ಸೆಂಟ್ ಇದ್ದದ್ದು 3ಕ್ಕೆ ಬಂತು, ದಿನಸಿ ಮೇಲೆ 5 ಇದ್ದದ್ದು 1ಕ್ಕೆ. ಅದನ್ನೇ ನಂಬ್ಕೊಂಡಿದ್ದೋರ ಆದಾಯ ಕೆಲವೇ ದಿನದಲ್ಲಿ ಅರ್ಧಕ್ಕಿಂತ ಕೆಳಗೆ. ಸ್ವಂತ ಸೈಟಲ್ಲಿ ಬರೆದಿಟ್ಟೋರು ಏನ್ಮಾಡಿದ್ರು ಅಂದ್ರೆ, ಅದೇ ಪುಟದಲ್ಲಿ ಲಿಂಕ್ ಬದಲಾಯಿಸಿ ಬೇರೆ ಅಂಗಡಿಗೆ ಕಳಿಸಿದ್ರು, ಓದೋರಿಗೆ ವಿಳಾಸ ಮಾತ್ರ ಹಳೇದೇ. ನೀವು ಅಫಿಲಿಯೇಟ್ ಲಿಂಕನ್ನ ನೇರವಾಗಿ ಸಿಕ್ಕಸಿಕ್ಕ ಕಡೆ ಅಂಟಿಸ್ತಾ ಹೋದ್ರೆ, ನಾಳೆ ಆ ಮಿಕ್ಸರ್ ಸ್ಟಾಕ್ ಇಲ್ಲ ಅಂದಾಗ ಜನ ಫಾರ್ವರ್ಡ್ ಮಾಡಿರೋ ಮೆಸೇಜಿಗೆಲ್ಲ ಹೋಗಿ ಸರಿಮಾಡೋಕಾಗುತ್ತಾ? ನಿಮ್ಮ ಡೊಮೈನ್ ಕೆಳಗೆ ಮಿಕ್ಸರ್‌ಗೊಂದು ಪುಟ ಇಟ್ಟು ಆ ವಿಳಾಸ ಹಂಚಿದ್ರೆ, ಒಂದೇ ಕಡೆ ತಿದ್ದಿದ್ರೆ ಸಾಕು, ಎಷ್ಟೇ ಹಳೇ ಮೆಸೇಜ್ ಒತ್ತಿದ್ರೂ ಸರಿಯಾದ ಜಾಗಕ್ಕೆ ಹೋಗುತ್ತೆ.

ಇನ್ನೊಂದು. ನಿಮ್ಮ ಲಿಂಕ್ ಒತ್ತಿದೋರು 24 ಗಂಟೆಯೊಳಗೆ ಕಾರ್ಟಿಗೆ ಹಾಕ್ಕೊಂಡ್ರೆ ಕಮಿಷನ್, ಆಮೇಲೆ ಆ ಗಿರಾಕಿ ಅಮೆಜಾನ್ ಗಿರಾಕಿ, ನಿಮ್ಮವರಲ್ಲ. ಮುಂದಿನ ವರ್ಷ ಅದೇ ಹೆಣ್ಮಗಳಿಗೆ ಕುಕ್ಕರ್ ಬೇಕಾದಾಗ ನೀವು ನೆನಪಾಗಬೇಕಾದ್ರೆ ಟೈಪ್ ಮಾಡೋಕೆ ಬರೋ ಒಂದು ಹೆಸರಿರಬೇಕು. ಇನ್‌ಸ್ಟಾಗ್ರಾಂ ಕ್ಯಾಪ್ಷನ್‌ನಲ್ಲಿ ಹಾಕಿದ ಲಿಂಕ್ ಒತ್ತಿದ್ರೆ ತೆರೆಯಲ್ಲ, "ಬಯೋದಲ್ಲಿ ನೋಡಿ, ಬಯೋದಲ್ಲಿ ನೋಡಿ" ಅಂತ ಎಲ್ಲರೂ ಒದ್ದಾಡ್ತಾರೆ. ಚಿಕ್ಕ ಡೊಮೈನ್ ಇದ್ರೆ ರೀಲ್‌ನಲ್ಲಿ ಬಾಯಲ್ಲೇ ಹೇಳಬಹುದು, ಕೇಳಿದೋರಿಗೆ ನೆನಪಿರುತ್ತೆ.

ಫ್ರೀ ಅಂದ್ರಲ್ಲ, ಅದರ ಕಥೆನೂ ಕೇಳಿ. ಡಾಟ್ ಟಿಕೆ, ಡಾಟ್ ಎಂಎಲ್ ಅಂತ ಪುಕ್ಕಟೆ ಹೆಸರು ಹಂಚ್ತಿದ್ದ ಫ್ರೀನಾಮ್ ಕಂಪನಿ 2023ರಲ್ಲಿ ಹೊಸ ನೋಂದಣಿ ನಿಲ್ಲಿಸ್ತು, 2024ರ ಫೆಬ್ರವರಿಯಲ್ಲಿ ಈ ವ್ಯವಹಾರವೇ ಬೇಡ ಅಂತ ಹೊರಗೆ ಹೋಯ್ತು. ಅದಕ್ಕಿಂತ ನಮಗೆ ಹತ್ತಿರದ್ದು ಬ್ಲಾಗ್‌ಸ್ಪಾಟ್, ಗೂಗಲ್‌ನ ಪುಕ್ಕಟೆ ಬ್ಲಾಗ್‌ಗಳಿಗೆ ಸಿಗೋ ವಿಳಾಸ. ನಮ್ಮ ದೇಶದಲ್ಲಿ ಓದೋರಿಗೆ ಗೂಗಲ್ಲೇ ಆ ವಿಳಾಸವನ್ನ ಡಾಟ್ ಇನ್ ಅಂತ ತಿರುಗಿಸಿ ತೋರಿಸ್ತಿತ್ತು, ಜನ ಅದನ್ನೇ ಕಾಪಿ ಮಾಡಿ ಎಲ್ಲಾ ಕಡೆ ಹಂಚಿದ್ರು, 2020ರಲ್ಲಿ ನೋಡಿದ್ರೆ ಬ್ಲಾಗ್‌ಸ್ಪಾಟ್ ಡಾಟ್ ಇನ್ ಹೆಸರು ಗೂಗಲ್ ಕೈತಪ್ಪಿ ಇನ್ಯಾರದ್ದೋ ಪಾಲಾಗಿತ್ತು. ಬ್ಲಾಗೇನೋ ಬ್ಲಾಗ್‌ಸ್ಪಾಟ್ ಡಾಟ್ ಕಾಮ್ ವಿಳಾಸದಲ್ಲಿ ಹಾಗೇ ಇತ್ತು, ಆದ್ರೆ ಹಂಚಿದ್ದ ಡಾಟ್ ಇನ್ ಲಿಂಕ್‌ಗಳು ಸತ್ತವು. ಎಷ್ಟು ಕನ್ನಡ ಬ್ಲಾಗಿನ ಕೊಂಡಿಗಳು ಹಿಂಗೆ ಹೋದ್ವೋ. ಅಂಥಾ ಗೂಗಲ್‌ಗೇ ಹೀಗಾಗುತ್ತೆ ಅಂದ್ಮೇಲೆ ಬೇರೆಯವರ ಹೆಸರಿನ ಬಾಲ ಹಿಡ್ಕೊಂಡು ನಾವ್ಯಾಕೆ ಕೂರಬೇಕು?

ಹೆಸರಿಗೆ ಬೆಲೆ ಇಲ್ಲ ಅನ್ನೋರಿಗೆ ನಾನು ಯಾವಾಗ್ಲೂ ನಮ್ಮ ಬೆಂಗಳೂರಿನ ಒಂದು ಕೇಸ್ ಹೇಳ್ತೀನಿ. ಸತ್ಯಂ ಇನ್ಫೋವೇ ಅಂತ ಒಂದು ಇಂಟರ್‌ನೆಟ್ ಕಂಪನಿ ಇತ್ತಲ್ಲ, ಸಿಫಿ ಅಂತ ಫೇಮಸ್ಸು, ಅವರು 1999ರಲ್ಲಿ ಸಿಫಿ ಅನ್ನೋದನ್ನಿಟ್ಟು ಡೊಮೈನ್‌ಗಳನ್ನ ತಗೊಂಡಿದ್ರು. ಆಮೇಲೆ ಇಂಟರ್‌ನೆಟ್ ಮಾರ್ಕೆಟಿಂಗ್ ಮಾಡೋ ಇನ್ನೊಂದು ಕಂಪನಿ, ಸಿಫಿನೆಟ್ ಸೊಲ್ಯೂಷನ್ಸ್, ಸ್ಪೆಲಿಂಗಲ್ಲಿ ಒಂದು ಅಕ್ಷರ ಹೆಚ್ಚು ಹಾಕ್ಕೊಂಡು ಅದೇ ಥರದ ಹೆಸರು ತಗೊಳ್ತು. ಬೆಂಗಳೂರು ಸಿಟಿ ಸಿವಿಲ್ ಕೋರ್ಟ್ ತಡೆ ಕೊಡ್ತು, ಹೈಕೋರ್ಟ್ ಅದನ್ನ ತೆಗೀತು, ಕೊನೆಗೆ 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸಿಟಿ ಸಿವಿಲ್ ಕೋರ್ಟ್ ಆದೇಶವನ್ನೇ ಎತ್ತಿಹಿಡೀತು. ಡೊಮೈನ್ ನೇಮ್ ಅಂದ್ರೆ ಬರೀ ವಿಳಾಸ ಅಲ್ಲ, ವ್ಯಾಪಾರದ ಗುರುತೂ ಹೌದು, ಟ್ರೇಡ್‌ಮಾರ್ಕಿಗೆ ಸಿಗೋ ರಕ್ಷಣೆ ಇದಕ್ಕೂ ಸಿಗಬೇಕು ಅಂತ ಆ ತೀರ್ಪಲ್ಲಿ ಸ್ಪಷ್ಟವಾಗಿದೆ. ದೇಶದ ದೊಡ್ಡ ಕೋರ್ಟು ಹೆಸರನ್ನ ಇಷ್ಟು ಗಂಭೀರವಾಗಿ ತಗೊಂಡಿದೆ, ನಾವು ದಂಡ ಅಂತೀವಿ.

ನಂಗೆ ನಿಜವಾಗ್ಲೂ ಕೋಪ ಬರೋದು ನಮ್ಮ ಕನ್ನಡದವರ ಈ ಅಸಡ್ಡೆಗೆ. ಒಳ್ಳೇ ಲೇಖಕರು, ಅಡುಗೆ ಮಾಡೋರು, ಕೃಷಿ ಮಾಹಿತಿ ಕೊಡೋರು, ಸಾಹಿತ್ಯ ಸಂಘಗಳು, ಎಲ್ಲರದ್ದೂ ಒಂದು ಫೇಸ್‌ಬುಕ್ ಪೇಜು ಒಂದು ವಾಟ್ಸಾಪ್ ಗ್ರೂಪು, ಮುಗೀತು. ಅಕೌಂಟ್ ಹ್ಯಾಕ್ ಆದ್ರೆ ಹತ್ತು ವರ್ಷದ ಕೆಲ್ಸ ಗೋವಿಂದ. ಮಗಳ ಮದುವೆ ಆಲ್ಬಂಗೆ ಲಕ್ಷ ಸುರೀತಾರೆ, ತಮ್ಮ ಹೆಸರಲ್ಲಿ ಡಾಟ್ ಇನ್ ತಗೊಳ್ಳೋಕೆ ವರ್ಷಕ್ಕೆ ಸಾವಿರದ ಆಸುಪಾಸು ಅಂದ್ರೆ ಮುಖ ಸಣ್ಣ ಮಾಡ್ತಾರೆ. ಡಾಟ್ ಇನ್ 2005ರಿಂದಲೇ ಎಲ್ಲರಿಗೂ ಮುಕ್ತವಾಗಿದೆ, ಈಗ ಕನ್ನಡ ಅಕ್ಷರದಲ್ಲೇ ಡಾಟ್ ಭಾರತ ಹೆಸರೂ ಇದೆ, ಎಷ್ಟು ಜನ ತಗೊಂಡಿದೀವಿ ಹೇಳಿ.

ತಗೊಂಡೋರಾದ್ರೂ ನೆಟ್ಟಗೆ ತಗೊಳ್ತಾರಾ? ನಮ್ಮ ಪರಿಚಯದವರೊಬ್ರು ಮಲೆನಾಡಲ್ಲಿ ಹೋಮ್‌ಸ್ಟೇ ನಡೆಸ್ತಾರೆ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಡೊಮೈನನ್ನ ತನ್ನ ಹೆಸರಲ್ಲಿ ತನ್ನ ಇಮೇಲ್‌ನಲ್ಲಿ ರಿಜಿಸ್ಟರ್ ಮಾಡಿಟ್ಟಿದ್ದ, ಇವರು ದುಡ್ಡು ಕೊಟ್ಟು ಬೋರ್ಡು, ವಿಸಿಟಿಂಗ್ ಕಾರ್ಡು ಎಲ್ಲಾ ಪ್ರಿಂಟ್ ಹಾಕ್ಸಿದ್ಮೇಲೆ ಅವನು ಫೋನ್ ಎತ್ತೋದು ಬಿಟ್ಟ. ಕಡೆಗೆ ಹೊಸ ಹೆಸರು, ಹೊಸ ಬೋರ್ಡು. ಅದಕ್ಕೇ ನಿಮಗೆ ಒತ್ತಿ ಹೇಳ್ತೀನಿ, ಯಾರೇ ಸಹಾಯ ಮಾಡ್ಲಿ, ರಿಜಿಸ್ಟ್ರಾರ್, ಅಂದ್ರೆ ಡೊಮೈನ್ ಮಾರೋ ಕಂಪನಿ, ಅಲ್ಲಿನ ಅಕೌಂಟ್ ನಿಮ್ಮ ಹೆಸರಲ್ಲಿರಬೇಕು, ಒಟಿಪಿ ನಿಮ್ಮ ಮೊಬೈಲ್‌ಗೆ ಬರಬೇಕು.

ಇನ್ನು ಖರ್ಚಿನ ಮಾತು. ನಿಮಗೆ ಈಗ್ಲೇ ಹೋಸ್ಟಿಂಗ್ ಪ್ಯಾಕೇಜ್, ಅಂದ್ರೆ ಸೈಟ್ ಇಡೋಕೆ ಬಾಡಿಗೆ ಜಾಗ, ಏನೂ ಬೇಡ, ಬ್ಲಾಗ್‌ಸ್ಪಾಟ್ ವಿಳಾಸ ಕೊಡೋ ಗೂಗಲ್‌ನ ಬ್ಲಾಗರ್‌ಗೇ ಸ್ವಂತ ಡೊಮೈನ್ ಜೋಡಿಸಬಹುದು, ಅದಕ್ಕೆ ಬೇರೆ ದುಡ್ಡಿಲ್ಲ. ನಾಳೆ ಬ್ಲಾಗರ್ ಬೇಡ ಅನ್ನಿಸಿದ್ರೆ ಹೆಸರು ನಿಮ್ಮ ಜೊತೆಗೇ ಬರುತ್ತೆ. ಮೊದಲ ವರ್ಷ ನೂರಿನ್ನೂರಕ್ಕೆ ಅಂತ ಜಾಹೀರಾತು ನೋಡಿ ಮೋಸ ಹೋಗಬೇಡಿ, ಎರಡನೇ ವರ್ಷದ ರಿನ್ಯೂವಲ್ ಎಷ್ಟು ಅಂತ ಮೊದ್ಲೇ ಕೇಳಿ. ಹೆಸರಲ್ಲಿ ಅಮೆಜಾನ್ ಅಂತೆಲ್ಲ ಸೇರಿಸಬೇಡಿ, ಅವರ ನಿಯಮದಲ್ಲಿ ಅದು ನಿಷಿದ್ಧ. ಲಿಂಕ್ ಎಲ್ಲಿಗೆ ಹೋಗುತ್ತೆ ಅನ್ನೋದನ್ನ ಮುಚ್ಚಿಡೋ ಹಾಗೂ ಇಲ್ಲ, ಅದಕ್ಕೆ ಬಟನ್ ಮೇಲೆ "ಅಮೆಜಾನ್‌ನಲ್ಲಿ ನೋಡಿ" ಅಂತಲೇ ಬರೀರಿ, ನಂಗೆ ಕಮಿಷನ್ ಬರುತ್ತೆ ಅಂತಲೂ ಪುಟದ ಮೇಲ್ಗಡೆನೇ ಹಾಕಿ, ಗ್ರಾಹಕ ರಕ್ಷಣಾ ನಿಯಮನೂ ಅದನ್ನೇ ಹೇಳುತ್ತೆ. ಹೊಸ ಸೈಟಿನ ವಿಳಾಸವನ್ನ ಅಫಿಲಿಯೇಟ್ ಅಕೌಂಟಲ್ಲಿ ಸೇರಿಸೋದು ಮರೀಬೇಡಿ.

ಕುಕ್ಕರ್, ಮಿಕ್ಸರ್ ಅಂತ ಒಂದೇ ಸಾಮಾನಿಗೆ ಕಟ್ಟಿಬಿದ್ದ ಹೆಸರು ಬೇಡ, ನಾಳೆ ನೀವು ಸೀರೆ ಬಗ್ಗೆನೂ ಹೇಳಬಹುದು. ನಿಮ್ಮ ಪೇಜಿನ ಹೆಸರೇ ಸಿಕ್ಕಿದ್ರೆ ಬಹಳ ಒಳ್ಳೇದು, ಬೇರೆಯವರು ತಗೊಳ್ಳೋ ಮುಂಚೆ ಈ ವಾರವೇ ನೋಡಿ. ಯಜಮಾನ್ರಿಗೂ ಈ ಉತ್ತರ ಓದಿಸಿ, ಆಮೇಲೂ ಅವರು ದಂಡ ಅಂದ್ರೆ ನಮಗೆ ಬರೆಯೋಕೆ ಹೇಳಿ.